ಮರಳಿ ಬಂದ ಮಕ್ಕಳಿಗೆ ಮನೆಯ ಬಾಗಿಲು

ಪಾಟಿ ಬಳಪ ಹಿಡಿಯಬೇಕಾದ ಕೈಗೆ ಬಂದೂಕು ಕೊಡುವ ಕ್ರೌರ್ಯ ಲೋಕದ ಹಲವು ದೇಶಗಳಲ್ಲಿ ನಡೆದಿದೆ, ಇಂದಿಗೂ ನಡೆಯುತ್ತಿದೆ. ಅಂಥ ಮಕ್ಕಳನ್ನು ಬಾಲಸೈನಿಕರೆಂದು ಕರೆಯುತ್ತಾರೆ. ಕಲಬುರಗಿ ನಗರದಲ್ಲಾಗಲಿ, ಹುಮನಾಬಾದ ಹಾದಿಯ ಕಮಲಾಪುರದಲ್ಲಾಗಲಿ ಸಂಸಾರ ಹೂಡಿಕೊಂಡು ನೆಮ್ಮದಿಯಿಂದಿರುವ ನಮಗೆ ಇದು ದೂರದ ಮಾತೆನಿಸಬಹುದು. ಆದರೆ ಯುದ್ಧ ಮುಗಿದು ಆ ಮಕ್ಕಳು ತಮ್ಮ ಹಳ್ಳಿಗಳಿಗೆ ಮರಳಿದಾಗ ಎದ್ದ ಪ್ರಶ್ನೆ ಯಾವ ಊರಿಗೂ ದೂರದ್ದಲ್ಲ. ದಾರಿ ತಪ್ಪಿದ, ಅನ್ಯರಿಂದ ದಾರಿ ತಪ್ಪಿಸಲ್ಪಟ್ಟ ಮಗುವನ್ನು ಊರು ಒಳಗೆ ಕರೆದುಕೊಳ್ಳಬೇಕೇ, ಹೊರಗೇ ನಿಲ್ಲಿಸಬೇಕೇ?

ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ದೇಶದಲ್ಲಿ 1991ರಿಂದ 2002ರವರೆಗೆ ಅಂತರ್ಯುದ್ಧ ನಡೆಯಿತು. ಸಾವಿರಾರು ಮಕ್ಕಳನ್ನು ಅಪಹರಿಸಿ, ಮಾದಕ ವಸ್ತು ತಿನ್ನಿಸಿ, ಕಾದಾಟಕ್ಕೆ ನೂಕಿದರು. ಕೆಲವರನ್ನು ತಮ್ಮ ಹಳ್ಳಿಯ ಮೇಲೆಯೇ ಕೈಮಾಡುವಂತೆ ಬಲವಂತಪಡಿಸಿದರು. ಮಗು ಮತ್ತೆ ಮನೆಗೆ ಓಡಿಹೋಗದಂತೆ ದಾರಿಯನ್ನೇ ಮುಚ್ಚುವ ಉಪಾಯವದು. ಆದ್ದರಿಂದ ಶಾಂತಿ ಸ್ಥಾಪನೆಯಾದ ಮೇಲೆ ಆಯುಧ ಕಸಿದುಕೊಂಡರಷ್ಟೇ ಸಾಲದಾಯಿತು. ಮಕ್ಕಳನ್ನು ಕೆಲಕಾಲ ಆರೈಕೆ ಕೇಂದ್ರಗಳಲ್ಲಿರಿಸಿ, ಅವರ ಬಂಧುಬಳಗವನ್ನು ಹುಡುಕಿ, ಊರ ಹಿರಿಯರೊಡನೆ ಮಾತನಾಡಿ, ಬಳಿಕ ಮನೆಗೆ ಕಳುಹಿಸಬೇಕಾಯಿತು. ಎಷ್ಟೋ ಹಳ್ಳಿಗಳಲ್ಲಿ ಹಿರಿಯರು ಬಟ್ಟಲ ನೀರಿನ ಮೇಲೆ ಪ್ರಾರ್ಥನೆ ಸಲ್ಲಿಸಿ, ಆ ನೀರನ್ನು ಮಗುವಿನ ತಲೆಗೂ ಎದೆಗೂ ಪಾದಕ್ಕೂ ಸವರಿ, ಊರವರ ಸಮಕ್ಷಮದಲ್ಲಿ ಬರಮಾಡಿಕೊಂಡರು.

ಉಗಾಂಡದ ಉತ್ತರ ಭಾಗದ ಅಚೋಲಿ ಜನರ ಪದ್ಧತಿ ಇನ್ನೂ ಮನಮುಟ್ಟುವಂಥದು. ಬಹುಕಾಲ ಹೊರಗಿದ್ದು ಮರಳಿದವನು ಮನೆಯಂಗಳದಲ್ಲಿರಿಸಿದ ಒಂದು ಹಸಿ ಮೊಟ್ಟೆಯನ್ನು ತುಳಿದು ಒಳಬರುತ್ತಾನೆ. ಪಕ್ಕದಲ್ಲಿ ಕಣಜದ ಮುಚ್ಚಳವನ್ನು ಎತ್ತಿ ನಿಲ್ಲಿಸುವ ಕೋಲನ್ನು ಇಟ್ಟಿರುತ್ತಾರೆ. ಈ ಮನೆಯ ಕಣಜದಲ್ಲಿ ನಿನಗೂ ಪಾಲುಂಟು ಎಂಬುದು ಅದರ ಅರ್ಥ. ಹಗೇವಿನಲ್ಲಿ ಜೋಳ ತುಂಬಿಟ್ಟು ಬಾಳಿದ, ದಾಸೋಹವನ್ನು ಧರ್ಮವೆಂದು ತಿಳಿದ ನಮ್ಮ ಮನೆತನಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಸ್ವಾಗತದಿಂದ ಫಲವುಂಟೇ ಎಂದು ಕೇಳುವವರಿಗೆ ಮೊಜಾಂಬಿಕ್ ದೇಶದ ಅನುಭವ ಉತ್ತರ ಕೊಡುತ್ತದೆ. 1988ರಲ್ಲಿ ರಾಜಧಾನಿ ಮಾಪುಟೊದ ಒಂದು ಕೇಂದ್ರಕ್ಕೆ ಬಂದ 39 ಬಾಲಸೈನಿಕರ ಬಾಳನ್ನು ಸಂಶೋಧಕರು ಹದಿನಾರು ವರ್ಷ ಗಮನಿಸಿದರು. ಬಹುತೇಕರು ದುಡಿದು ಬಾಳುವ ಗೃಹಸ್ಥರಾಗಿ, ಅಕ್ಕರೆಯ ತಂದೆಯರಾಗಿ ನಿಂತರು. ಕೈಕಸುಬಿನ ಕಲಿಕೆ, ಊರವರ ಕ್ಷಮೆ, ಶುದ್ಧೀಕರಣದ ಸಾಂಪ್ರದಾಯಿಕ ವಿಧಿಗಳು ಅವರಿಗೆ ಆಸರೆಯಾಗಿದ್ದವು. ಸಿಯೆರಾ ಲಿಯೋನಿನಲ್ಲಿ 2002ರಿಂದ ಅಧ್ಯಯನ ನಡೆಸಿದ ಥೆರೆಸಾ ಬೆಟನ್‌ಕೋರ್ಟ್ ಅವರಿಗೂ ಇದೇ ಕಂಡಿತು: ಸಮಾಜ ಒಪ್ಪಿಕೊಂಡ ಮಕ್ಕಳ ಮನಸ್ಸು ಚೇತರಿಸಿಕೊಂಡಿತು, ಹಳಿದು ದೂರವಿಟ್ಟ ಮಕ್ಕಳ ಗಾಯ ಮಾಯಲಿಲ್ಲ.

ಆದರೂ ವಿಧಿಯೊಂದರಿಂದಲೇ ಎಲ್ಲವೂ ಸರಿಹೋಯಿತೆಂದು ಭಾವಿಸಲಾಗದು. ಯೋಧರ ವಶದಲ್ಲಿದ್ದು ಕೂಸನ್ನೆತ್ತಿಕೊಂಡು ಮರಳಿದ ಹೆಣ್ಣುಮಕ್ಕಳನ್ನು ಒಪ್ಪಿಕೊಳ್ಳಲು ಅನೇಕ ಊರುಗಳು ಹಿಂದೆಗೆದವು. ನೊಂದವರ ಪ್ರಶ್ನೆಯೂ ಇದೆ. ಮಗನನ್ನು ಕಳೆದುಕೊಂಡ ತಾಯಿಗೆ ಸುಮ್ಮನೆ ಮರೆತುಬಿಡು ಎನ್ನುವುದು ನ್ಯಾಯವಲ್ಲ. ಅಚೋಲಿಗಳ ಮತ್ತೊಂದು ವಿಧಿಯಾದ ಮಾತೊ ಒಪುಟ್‌ನಲ್ಲಿ ಕಹಿಬೇರಿನ ಪಾನಕವನ್ನು ಎರಡೂ ಕಡೆಯವರು ಕುಡಿಯುತ್ತಾರೆ. ಅದಕ್ಕೂ ಮುನ್ನ ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಳ್ಳಬೇಕು, ನೊಂದ ಮನೆತನಕ್ಕೆ ಪರಿಹಾರ ಸಲ್ಲಬೇಕು. ಸತ್ಯ ಮೊದಲು, ಸಂಧಾನ ಅನಂತರ.

ನಮ್ಮ ದೇಶವೂ ಈ ಪಿಡುಗಿನಿಂದ ಮುಕ್ತವಲ್ಲ. ಛತ್ತೀಸಗಢದ ಕಾಡುಗಳಲ್ಲಿ ಮಾವೋವಾದಿಗಳು ಮಕ್ಕಳನ್ನು ತಮ್ಮ ಬಾಲಸಂಘಗಳಿಗೆ ಸೇರಿಸಿಕೊಂಡರು. ಅವರನ್ನೆದುರಿಸಲು ಸರಕಾರ ಆದಿವಾಸಿ ತರುಣರನ್ನು ವಿಶೇಷ ಪೊಲೀಸ್ ಅಧಿಕಾರಿಗಳೆಂದು ನೇಮಿಸಿ ಆಯುಧ ಕೊಟ್ಟದ್ದನ್ನು ಸರ್ವೋಚ್ಚ ನ್ಯಾಯಾಲಯ 2011ರ ಜುಲೈ 5ರಂದು ಅಸಾಂವಿಧಾನಿಕವೆಂದು ತೀರ್ಪಿತ್ತಿತು. 2015ರ ಬಾಲನ್ಯಾಯ ಕಾಯ್ದೆಯ 83ನೆಯ ಕಲಮು ಮಕ್ಕಳನ್ನು ಸೇರಿಸಿಕೊಳ್ಳುವ ಉಗ್ರಗಾಮಿ ಗುಂಪುಗಳಿಗೆ ಏಳು ವರ್ಷಗಳವರೆಗಿನ ಕಠಿಣ ಸೆರೆವಾಸವನ್ನೂ ಐದು ಲಕ್ಷ ರೂಪಾಯಿ ದಂಡವನ್ನೂ ವಿಧಿಸುತ್ತದೆ. ಕರ್ನಾಟಕದಲ್ಲಿ 2025ರ ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರು. ಅವರು ಮಕ್ಕಳಲ್ಲ, ವಯಸ್ಕರು. ಆದರೂ ಅವರನ್ನು ಕಾಡಿನಿಂದ ಕರೆತರುವಲ್ಲಿ ಶಾಂತಿಗಾಗಿ ನಾಗರಿಕ ವೇದಿಕೆಯವರ ಮಧ್ಯಸ್ಥಿಕೆ ನೆರವಾಯಿತೆಂಬುದು ಗಮನಾರ್ಹ. ಸರಕಾರದ ಬಾಗಿಲ ಬಳಿ ಸಮಾಜ ನಿಂತು ಕೈಹಿಡಿದಾಗಲೇ ಮರಳುವವರಿಗೆ ಧೈರ್ಯ ಬರುತ್ತದೆ.

ಇನ್ನು ನಮ್ಮ ಓಣಿಯ ಮಾತು. ಬಾಲಸೈನಿಕರು ನಮ್ಮಲ್ಲಿಲ್ಲದಿರಬಹುದು. ಆದರೆ ಹಿರಿಯರ ಕುಮ್ಮಕ್ಕಿನಿಂದ ಕಳವಿಗೋ ಹೊಡೆದಾಟಕ್ಕೋ ಇಳಿದು ಬಾಲನ್ಯಾಯ ಮಂಡಳಿಯ ಮುಂದೆ ನಿಂತು, ವೀಕ್ಷಣಾಲಯದಲ್ಲಿದ್ದು ಮರಳುವ ಹುಡುಗರು ಯಾವ ಊರಲ್ಲಿಲ್ಲ? ಅವರು ಬಂದ ದಿನ ನೆರೆಹೊರೆಯವರು ಆಡುವ ಮೊದಲ ಮಾತೇ ಅವರ ಮುಂದಿನ ದಾರಿಯನ್ನು ನಿಶ್ಚಯಿಸುತ್ತದೆ. ಅವನು ಕಳ್ಳ ಎಂದು ನಾವು ಕರೆದರೆ, ಬಾ ತಮ್ಮ ಎಂದು ಕರೆಯುವವರು ಹಳೆಯ ಗುಂಪಿನವರು ಮಾತ್ರವೇ ಉಳಿಯುತ್ತಾರೆ.

ಶರಣ ಪರಂಪರೆ ಈ ವಿಷಯದಲ್ಲಿ ನಮಗೆ ಸ್ಪಷ್ಟ ದಾರಿ ತೋರಿದೆ. ಕನ್ನದ ಮಾರಿತಂದೆ ಕನ್ನ ಹಾಕುವುದನ್ನೇ ಕಸುಬಾಗಿಸಿಕೊಂಡಿದ್ದವರೆಂದು ಹೇಳುತ್ತಾರೆ. ಉರಿಲಿಂಗಪೆದ್ದಿಗಳು ಕಳ್ಳತನಕ್ಕೆ ಹೋದಲ್ಲಿಯೇ ಮನಃಪರಿವರ್ತನೆ ಹೊಂದಿ, ಮುಂದೆ ಗುರುಪೀಠವನ್ನೇ ಏರಿದರೆಂಬುದು ಪ್ರತೀತಿ. ಹಿಂದಿನ ಬಾಳನ್ನು ಕೆದಕುವುದು ಶರಣರ ರೀತಿಯಾಗಿರಲಿಲ್ಲ. ಕಾಯಕ ಕೊಟ್ಟು ಪಂಕ್ತಿಯಲ್ಲಿ ಕೂರಿಸಿಕೊಳ್ಳುವುದೇ ಅವರ ರೀತಿಯಾಗಿತ್ತು.

ಹಾಗಾದರೆ ನಾವು ಮಾಡಬೇಕಾದುದೇನು? ಮೊದಲನೆಯದಾಗಿ, ಅಂಥ ಹುಡುಗನ ಹೆಸರನ್ನೂ ಭಾವಚಿತ್ರವನ್ನೂ ಹರಡದಿರುವುದು. ಬಾಲನ್ಯಾಯ ಕಾಯ್ದೆಯ 74ನೆಯ ಕಲಮು ಪತ್ರಿಕೆ, ದೃಶ್ಯಮಾಧ್ಯಮಗಳಲ್ಲಿ ಅದನ್ನು ನಿಷೇಧಿಸಿದೆ; ಮೊಬೈಲಿನಲ್ಲಿ ಹಂಚುವ ನಮಗೂ ಆ ವಿವೇಕ ಬೇಕು. ಎರಡನೆಯದಾಗಿ, ಶಾಲೆಯಲ್ಲಿ, ನೌಕರಿಯಲ್ಲಿ ಹಳೆಯ ಪ್ರಕರಣವನ್ನು ಮುಂದೆ ಮಾಡದಿರುವುದು. ವಯಸ್ಕರಂತೆ ವಿಚಾರಣೆಗೊಳಗಾದ ಘೋರ ಪ್ರಕರಣಗಳನ್ನುಳಿದು, ಬಾಲ್ಯದ ತಪ್ಪು ಮುಂದಿನ ಬಾಳಿಗೆ ಅನರ್ಹತೆಯಾಗಬಾರದೆಂದು 24ನೆಯ ಕಲಮು ಹೇಳುತ್ತದೆ. ಮೂರನೆಯದಾಗಿ, ಕಲಬುರಗಿಯ ಗ್ಯಾರೇಜಿರಲಿ, ಹೊಲಿಗೆ ಅಂಗಡಿಯಿರಲಿ, ಕಮಲಾಪುರದ ಕೆಂಪು ಬಾಳೆಯ ತೋಟವಿರಲಿ, ವಯಸ್ಸಿಗೆ ತಕ್ಕ ಕಸುಬು ಕಲಿಸಲು ಒಬ್ಬ ಯಜಮಾನ ಮುಂದೆ ಬರುವುದು. ಓದುವ ವಯಸ್ಸಿನವನಾದರೆ ಮೊದಲು ಶಾಲೆ. ನಾಲ್ಕನೆಯದಾಗಿ, ನೊಂದ ಮನೆಯವರನ್ನು ಮರೆಯದೆ, ಅವರ ಮಾತನ್ನು ಹಿರಿಯರು ಕೂತು ಕೇಳಿ, ಆದ ಹಾನಿಯನ್ನು ತುಂಬಿಕೊಡುವ ದಾರಿ ಹುಡುಕುವುದು.

ಇವುಗಳಲ್ಲಿ ಯಾವುದಕ್ಕೂ ದೊಡ್ಡ ಹಣ ಬೇಕಾಗಿಲ್ಲ, ದೊಡ್ಡ ಮನಸ್ಸು ಬೇಕು. ತಪ್ಪು ಮಾಡಿದ ಮಗುವಿಗೆ ಶಿಕ್ಷೆಯನ್ನೂ ತಿದ್ದುಪಾಟನ್ನೂ ಕಾನೂನು ನೋಡಿಕೊಂಡೀತು. ಊಟದ ಪಂಕ್ತಿಯಲ್ಲಿ ಅವನಿಗೊಂದು ಎಲೆ ಹಾಕುವ ಕೆಲಸವನ್ನು ಮಾತ್ರ ಯಾವ ಕಾನೂನೂ ಮಾಡಲಾರದು. ಅದು ನಮ್ಮ ಮನೆಗಳಿಂದಲೇ ಆಗಬೇಕು.