ಬಿ.ಎಸ್‌ಸಿ. ನರ್ಸಿಂಗ್ ಮುಗಿಯಿತು, ಮೊದಲು ವಾರ್ಡೋ, ಎಂ.ಎಸ್‌ಸಿ.ಯೋ?

ಕಳೆದ ಸಂಚಿಕೆಯಲ್ಲಿ ಟೊಮೇಟೊ ಸಸಿಗಳನ್ನು ಮಡಿಯಿಂದ ಕಿತ್ತು ನಾಟಿ ಮಾಡುವ ಹದದ ಬಗ್ಗೆ ಬರೆದಿದ್ದೆವು. ಈ ಸಲ ಆರೋಗ್ಯದ ಸರದಿ. ಆದರೆ ರೋಗದ ಬಗ್ಗೆ ಅಲ್ಲ, ರೋಗಿಯ ಮಂಚದ ಪಕ್ಕದಲ್ಲಿ ನಿಲ್ಲುವ ನಮ್ಮ ಮಕ್ಕಳ ಬಗ್ಗೆ.

ಹೊಸೂರು, ಮತ್ತಿಗಿರಿ, ಕೆಲಮಂಗಲ, ತಳಿ, ಡೆಂಕಣಿಕೋಟೆ ಕಡೆಯ ಎಷ್ಟೋ ಮನೆಗಳ ಹೆಣ್ಣುಮಕ್ಕಳು, ಈಚೆಗೆ ಗಂಡುಮಕ್ಕಳೂ, ನರ್ಸಿಂಗ್ ಓದುತ್ತಿದ್ದಾರೆ. ಅತ್ತಿಬೆಲೆ ದಾಟಿದರೆ ಬೆಂಗಳೂರಿನ ಕಾಲೇಜುಗಳು ಹತ್ತಿರವೇ ಇವೆ. ಮೊನ್ನೆ ಭಾನುವಾರ ಪೂಜೆ ಮುಗಿದ ಮೇಲೆ ಒಬ್ಬ ತಂದೆ ನಮ್ಮನ್ನು ನಿಲ್ಲಿಸಿ ಕೇಳಿದರು: "ಮಗಳದು ಬಿ.ಎಸ್‌ಸಿ. ಮುಗೀತು. ಇದೇ ಬಿಸಿಯಲ್ಲಿ ಎಂ.ಎಸ್‌ಸಿ.ನೂ ಓದಿಸಿಬಿಡಿ ಅಂತಾರೆ. ಅರ್ಧ ಎಕರೆ ಅಡ ಇಟ್ಟರೆ ಫೀಸು ಆಗುತ್ತೆ. ಏನು ಮಾಡೋದು, ನೀವೇ ಹೇಳಿ." ಆಸ್ಪತ್ರೆಯ ಅನುಭವ ಬೇಕಲ್ಲವೆ ಎಂದು ನಾವು ಕೇಳಿದೆವು. ಅದಕ್ಕೆ ಅವರು, "ಆ ಸರ್ಟಿಫಿಕೇಟನ್ನು ಮಾಡಿಸಿಕೊಡ್ತೀವಿ ಅಂತ ಏಜೆಂಟರು ಹೇಳಿದ್ದಾರೆ" ಎಂದರು. ಈ ಮಾತು ಕೇಳಿದ ಮೇಲೆಯೇ ಈ ಲೇಖನ ಬರೆಯಬೇಕೆಂದು ನಮಗೆ ಅನ್ನಿಸಿದ್ದು.

ನಿಯಮ ಏನು ಹೇಳುತ್ತದೆ?

ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಂತೆ ಎಂ.ಎಸ್‌ಸಿ. ನರ್ಸಿಂಗ್ ಸೇರಲು ಬಿ.ಎಸ್‌ಸಿ.ಯಲ್ಲಿ ಶೇಕಡಾ 55 ಅಂಕ, ನೋಂದಣಿ, ಮತ್ತು ಕನಿಷ್ಠ ಒಂದು ವರ್ಷದ ಕೆಲಸದ ಅನುಭವ ಇರಬೇಕು. ಜಿ.ಎನ್.ಎಂ. ಮುಗಿಸಿ ಕೆಲಸ ಮಾಡಿ, ಅನಂತರ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಓದಿದವರ ಹಿಂದಿನ ಅನುಭವವೂ ಲೆಕ್ಕಕ್ಕೆ ಬರುತ್ತದೆ. 2016ರ ಸುಮಾರಿಗೆ ಪರಿಷತ್ತು ರೂಪಿಸಿದ ತೀವ್ರ ನಿಗಾ ಘಟಕದ ನರ್ಸ್ ಪ್ರಾಕ್ಟೀಷನರ್ ಸ್ನಾತಕೋತ್ತರ ಶಿಕ್ಷಣಕ್ಕೂ ಒಂದು ವರ್ಷದ ಅನುಭವ ಬೇಕು.

ಅಮೆರಿಕದಲ್ಲಿರುವ ನೆಂಟರು, "ಇಲ್ಲಿ ನೇರವಾಗಿ ಓದುತ್ತಾರೆ" ಎಂದು ಹೇಳಬಹುದು. ಅಲ್ಲಿ ಹಾಗೆ ಸೇರಿಸಿಕೊಳ್ಳುವ ವಿಶ್ವವಿದ್ಯಾಲಯಗಳು ಇರುವುದು ನಿಜ. ಅದು ಸರಿಯೇ ಎಂಬ ವಾದ ಅಲ್ಲಿಯೂ ನಡೆದಿದೆ. ನಮ್ಮಲ್ಲಿ ಮಾತ್ರ ಒಂದು ವರ್ಷ ಕಡ್ಡಾಯ. ಆದ್ದರಿಂದ ನಮ್ಮ ಮುಂದಿರುವ ನಿಜವಾದ ಪ್ರಶ್ನೆ ಬೇರೆ. ಆ ಒಂದು ವರ್ಷವನ್ನು ವಾರ್ಡಿನಲ್ಲಿ ಕಳೆಯಬೇಕೋ, ಕಾಗದದ ಮೇಲೆ ಕಳೆಯಬೇಕೋ?

ವಾರ್ಡು ಕಲಿಸುವುದೇನು?

ನಮ್ಮ ಊರುಗಳಿಂದಲೇ ಎರಡು ಉದಾಹರಣೆ ಕೊಡುತ್ತೇವೆ.

ಹೊಲದಲ್ಲಿ ಹಾವು ಕಚ್ಚಿದವರನ್ನು ಆಸ್ಪತ್ರೆಗೆ ತಂದಾಗ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡುತ್ತಾರೆ. ಹೊಸದಾದ, ಒಣಗಿದ ಗಾಜಿನ ಕೊಳವೆಯಲ್ಲಿ ಸುಮಾರು 2 ಮಿ.ಲೀ. ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಟ್ಟು, ಆಮೇಲೆ ಒಮ್ಮೆ ಓರೆ ಮಾಡಿ ನೋಡಬೇಕು. ರಕ್ತ ನೀರಿನಂತೆ ಹರಿದರೆ ವಿಷ ರಕ್ತಕ್ಕೆ ಏರಿದೆ ಎಂದರ್ಥ. ಕೊಳವೆಯನ್ನು ಸೋಪಿನಲ್ಲಿ ತೊಳೆದಿದ್ದರೆ ಅಥವಾ ಅದು ಪ್ಲಾಸ್ಟಿಕ್ಕಿನದಾಗಿದ್ದರೆ ಫಲಿತಾಂಶ ತಪ್ಪಾಗುತ್ತದೆ. ಪುಸ್ತಕದಲ್ಲಿ ಇದು ನಾಲ್ಕು ಸಾಲು. ರಾತ್ರಿ ಎರಡು ಗಂಟೆಗೆ, ಸುತ್ತಲೂ ಮನೆಯವರು ಅಳುತ್ತಿರುವಾಗ, ಗಡಿಯಾರ ನೋಡಿ 20 ನಿಮಿಷ ಕಾಯುವುದನ್ನು ವಾರ್ಡು ಕಲಿಸುತ್ತದೆ.

ಇನ್ನೊಂದು, ಕೀಟನಾಶಕದ ವಿಷ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ, ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಎದೆಯಲ್ಲಿ ಗೊರಗೊರ. ವೈದ್ಯರು ಅಟ್ರೋಪಿನ್ ಔಷಧಿ ಬರೆಯುತ್ತಾರೆ. ಎದೆ ತಿಳಿಯಾಗುವವರೆಗೆ ಅದನ್ನು ಮತ್ತೆ ಮತ್ತೆ ಕೊಡಬೇಕು. ಹೆಚ್ಚಾದರೆ ರೋಗಿಗೆ ಜ್ವರ ಬರುತ್ತದೆ, ನಾಡಿ ಓಡುತ್ತದೆ, ಬುದ್ಧಿ ಭ್ರಮಿಸುತ್ತದೆ. ಸಾಕಾಯಿತೋ, ಇನ್ನೂ ಬೇಕೋ ಎಂಬುದನ್ನು ಮೊದಲು ಗಮನಿಸಿ ವೈದ್ಯರಿಗೆ ತಿಳಿಸುವವರು ಪಕ್ಕದಲ್ಲಿರುವ ನರ್ಸ್. ಆ ಕಣ್ಣು ಹತ್ತಾರು ರೋಗಿಗಳನ್ನು ನೋಡಿದ ಮೇಲೆಯೇ ಬರುವುದು.

ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ ಅವರು 1984ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನರ್ಸ್ ಬೆಳೆಯುವ ಐದು ಹಂತಗಳನ್ನು ವಿವರಿಸಿದ್ದಾರೆ. ಅವರ ಪ್ರಕಾರ ಆಗತಾನೆ ಪಾಸಾದವರು ಎರಡನೆಯ ಹಂತದಲ್ಲಿರುತ್ತಾರೆ. ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ದುಡಿದ ಮೇಲೆ ಮೂರನೆಯದಕ್ಕೆ, ಅಂದರೆ ಸ್ವಂತವಾಗಿ ನಿಭಾಯಿಸಬಲ್ಲ ಹಂತಕ್ಕೆ, ಏರುತ್ತಾರೆ.

ವಿಭಾಗ ಆರಿಸುವಾಗ

ಎಂ.ಎಸ್‌ಸಿ. ಎರಡು ವರ್ಷದ ಓದು. ಸೇರುವಾಗಲೇ ಒಂದು ವಿಭಾಗ ಆರಿಸಬೇಕು: ವೈದ್ಯಕೀಯ ಮತ್ತು ಶಸ್ತ್ರಚಿಕಿತ್ಸೆ, ಹೆರಿಗೆ ಮತ್ತು ಸ್ತ್ರೀರೋಗ, ಮಕ್ಕಳ ಆರೋಗ್ಯ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ. ಮುಂದಿನ ಬದುಕು ಬಹುಮಟ್ಟಿಗೆ ಆ ಆಯ್ಕೆಯ ಮೇಲೆ ನಿಲ್ಲುತ್ತದೆ. ಮಣ್ಣು ನೋಡದೆ ಬೆಳೆ ಆರಿಸುವ ರೈತ ಉಂಟೆ? ಹೆರಿಗೆ ವಾರ್ಡಿನಲ್ಲಿ ನಾಲ್ಕು ತಿಂಗಳು ರಾತ್ರಿ ಪಾಳಿ ಮಾಡಿದ ಹುಡುಗಿಗೆ ಅದು ತನಗೆ ಒಗ್ಗುತ್ತದೆಯೇ ಎಂದು ಗೊತ್ತಿರುತ್ತದೆ. ಎಂ.ಎಸ್‌ಸಿ.ಯಲ್ಲಿ ಒಂದು ಸಂಶೋಧನಾ ಪ್ರಬಂಧವನ್ನೂ ಬರೆಯಬೇಕು. ಅದಕ್ಕೆ ಬೇಕಾದ ಪ್ರಶ್ನೆ ಹುಟ್ಟುವುದೂ ವಾರ್ಡಿನಲ್ಲಿಯೇ.

ಎಂ.ಎಸ್‌ಸಿ. ಮುಗಿಸಿದ ಅನೇಕರು ಪಾಠ ಹೇಳಲು ಹೋಗುತ್ತಾರೆ. ತಾನೇ ಒಬ್ಬ ರೋಗಿಯನ್ನು ರಾತ್ರಿಯಿಡೀ ನೋಡಿಕೊಳ್ಳದವರು ನಾಳೆ ನಲವತ್ತು ಮಕ್ಕಳಿಗೆ ಏನು ಕಲಿಸಿಯಾರು? ಕೊಂಡುಕೊಂಡ ಅನುಭವಪತ್ರದ ಕೆಡುಕು ಆ ಒಂದು ಮನೆಗೆ ಮುಗಿಯುವುದಿಲ್ಲ. ಸುಳ್ಳು ಪತ್ರವೆಂದು ಬಯಲಾದರೆ ಸೀಟು, ನೋಂದಣಿ ಎರಡಕ್ಕೂ ಕುತ್ತು ಬರುತ್ತದೆ. ಅಡವಿಟ್ಟ ಹೊಲದ ಸಾಲ ಮಾತ್ರ ಉಳಿಯುತ್ತದೆ.

ಇನ್ನೊಂದು ಕಡೆಯನ್ನೂ ನೋಡೋಣ

ಕೂಡಲೇ ಓದಿಸಬೇಕೆನ್ನುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಕೆಲಸಕ್ಕೆ ಸೇರಿದವರಿಗೆ ಓದು ತಪ್ಪಿಹೋಗುವುದುಂಟು. ಮದುವೆ, ಮಗು, ಮನೆಯ ಭಾರ ಬರುತ್ತವೆ. ಖಾಸಗಿ ಆಸ್ಪತ್ರೆಗಳಲ್ಲಿ ಸಂಬಳ ಕಡಿಮೆ. 2016ರಲ್ಲಿ ಸುಪ್ರೀಂ ಕೋರ್ಟಿನ ನಿರ್ದೇಶನದಂತೆ ರಚನೆಯಾದ ತಜ್ಞರ ಸಮಿತಿ, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತು. ಅಷ್ಟನ್ನೂ ಕೊಡದ ಆಸ್ಪತ್ರೆಗಳು ಇವೆ. ಆದ್ದರಿಂದ "ಅನುಭವ, ಅನುಭವ" ಎಂದು ಹೇಳಿ ಮಕ್ಕಳನ್ನು ಹತ್ತು ವರ್ಷ ಅಗ್ಗದ ಕೂಲಿಗೆ ದುಡಿಸಿಕೊಳ್ಳುವುದೂ ತಪ್ಪೇ. ಮಡಿಯಲ್ಲಿ ಬಲಿತುಹೋದ ಸಸಿಯೂ ನಾಟಿಗೆ ಒಳ್ಳೆಯದಲ್ಲ. ಅನುಭವಕ್ಕೂ ಒಂದು ಲೆಕ್ಕ ಇರಬೇಕು.

ನಮ್ಮ ಸಲಹೆ

1. ಬಿ.ಎಸ್‌ಸಿ. ಮುಗಿದ ಕೂಡಲೇ ನೋಂದಣಿ ಮಾಡಿಸಿ. ಕರ್ನಾಟಕದಲ್ಲಿ ಓದಿ ಹೊಸೂರಿನಲ್ಲೋ ಕೃಷ್ಣಗಿರಿಯಲ್ಲೋ ಕೆಲಸ ಮಾಡುವವರು ತಮಿಳುನಾಡಿನ ಪರಿಷತ್ತಿನಲ್ಲಿಯೂ ನೋಂದಾಯಿಸಬೇಕಾಗುತ್ತದೆ. ಇದಕ್ಕೆ ಸಮಯ ಹಿಡಿಯುತ್ತದೆ, ಮೊದಲೇ ಅರ್ಜಿ ಹಾಕಿ.

2. ಒಂದರಿಂದ ಎರಡು ವರ್ಷ, ಬಗೆಬಗೆಯ ರೋಗಿಗಳು ಬರುವ ಆಸ್ಪತ್ರೆಯಲ್ಲಿ ಕೆಲಸ ಮಾಡಿ. 2022ರ ಜನವರಿಯಲ್ಲಿ ಉದ್ಘಾಟನೆಯಾದ ಕೃಷ್ಣಗಿರಿ ಸರ್ಕಾರಿ ವೈದ್ಯಕೀಯ ಕಾಲೇಜು ನಮ್ಮ ಜಿಲ್ಲೆಯಲ್ಲೇ ಇದೆ. ಬೆಂಗಳೂರಿನಲ್ಲಿ 1886ರಿಂದ ನಡೆದುಬಂದ ಸಂತ ಮಾರ್ತಾ ಆಸ್ಪತ್ರೆ, 1963ರಲ್ಲಿ ಆರಂಭವಾದ ಸಂತ ಜಾನರ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂಥ ದೊಡ್ಡ ಸಂಸ್ಥೆಗಳಿವೆ. ಎಲ್ಲಿ ಜಾಗ ಖಾಲಿ ಇದೆಯೆಂದು ವಿಚಾರಿಸಿ.

3. ಮೂಲ ಅಂಕಪಟ್ಟಿ, ಪ್ರಮಾಣಪತ್ರಗಳನ್ನು ಯಾವ ಆಸ್ಪತ್ರೆಯಲ್ಲೂ ಒತ್ತೆ ಇಡಬೇಡಿ. ನೇಮಕಾತಿ ಪತ್ರ, ಸಂಬಳದ ಚೀಟಿ ಇಟ್ಟುಕೊಳ್ಳಿ. ಅನುಭವಪತ್ರಕ್ಕೆ ಇವೇ ಆಧಾರ.

4. ಸರ್ಕಾರಿ ಪರೀಕ್ಷೆಗಳನ್ನು ಮರೆಯಬೇಡಿ. ಏಮ್ಸ್ ಸಂಸ್ಥೆಗಳು 2020ರಿಂದ ನರ್ಸಿಂಗ್ ಆಫೀಸರ್ ಹುದ್ದೆಗೆ ನಡೆಸುವ ಸಾಮಾನ್ಯ ಪರೀಕ್ಷೆಗೆ ಬಿ.ಎಸ್‌ಸಿ. ಆದವರು ಅನುಭವವಿಲ್ಲದೆಯೂ ಕೂರಬಹುದು, ಜಿ.ಎನ್.ಎಂ. ಆದವರಿಗೆ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ವಯಸ್ಸಿನ ಮಿತಿ ಸಾಮಾನ್ಯವಾಗಿ 30 ವರ್ಷ.

5. ಎಂ.ಎಸ್‌ಸಿ. ಒಂದೇ ದಾರಿಯಲ್ಲ. ತೀವ್ರ ನಿಗಾ, ನವಜಾತ ಶಿಶು, ಕ್ಯಾನ್ಸರ್, ಶಸ್ತ್ರಚಿಕಿತ್ಸಾ ಕೊಠಡಿ ಮುಂತಾದ ವಿಷಯಗಳಲ್ಲಿ ಒಂದು ವರ್ಷದ ವಿಶೇಷ ಡಿಪ್ಲೊಮಾಗಳಿವೆ. ರೋಗಿಯ ಬಳಿಯೇ ಇರಬಯಸುವವರಿಗೆ ಇವು ಹೆಚ್ಚು ಉಪಯುಕ್ತ.

6. ಪಾಠ ಹೇಳುವ ಆಸೆ ಗಟ್ಟಿಯಾಗಿದ್ದರೆ, ಒಳ್ಳೆಯ ಕಾಲೇಜಿನಲ್ಲಿ ಕಡಿಮೆ ಶುಲ್ಕದ ಸೀಟು ಸಿಕ್ಕರೆ, ಒಂದು ವರ್ಷ ತುಂಬಿದ ಕೂಡಲೇ ಸೇರಬಹುದು. ಸೇರುವ ದಿನಾಂಕವನ್ನು ಈಗಲೇ ಮನೆಯವರೆಲ್ಲ ಕೂತು ಗೊತ್ತುಮಾಡಿ. ಆಗ ಓದು ತಪ್ಪಿಹೋಗುವುದಿಲ್ಲ.

ಆ ತಂದೆಗೂ ನಾವು ಹೇಳಿದ್ದು ಇಷ್ಟೆ: ಈಗ ಹೊಲ ಅಡ ಇಡಬೇಡಿ. ಮಗಳು ಎರಡು ವರ್ಷ ದುಡಿಯಲಿ, ಬಿ.ಎಸ್‌ಸಿ.ಗೆ ಮಾಡಿದ ಬ್ಯಾಂಕಿನ ಸಾಲ ಸ್ವಲ್ಪ ಇಳಿಯಲಿ. ಅಷ್ಟರಲ್ಲಿ ಯಾವ ವಿಭಾಗ ಬೇಕೆಂದು ಅವಳೇ ಹೇಳುತ್ತಾಳೆ. ಆಗ ಓದಿಸಿ, ಹಿಂಜರಿಯಬೇಡಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವಳನ್ನೂ ಒಂದು ಮಾತು ಕೇಳ್ತೀನಿ" ಎಂದರು. ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ ಅದೇ. ಹೆತ್ತವರೆಲ್ಲರೂ ಹಾಗೆಯೇ ಮಾಡಲಿ.