ಮುದ್ರೆಯ ಹಿಂದಿನ ಪರೀಕ್ಷೆ

ವ್ಯಾಪಾರಿಯ ತೂಕದ ಬಟ್ಟು ಸರಿಯಾಗಿದೆಯೆಂದು ಗಿರಾಕಿಯು ನಂಬುವುದು ಅದರ ಮೇಲಿರುವ ಸರ್ಕಾರದ ಮುದ್ರೆಯಿಂದ. ಗಣಕಯಂತ್ರಗಳಿಗೂ ಇಂತಹ ಮುದ್ರೆಯ ಅಗತ್ಯವುಂಟು.

ಗಣಕಯಂತ್ರದಲ್ಲಿ ಕೈಗೆ ಸಿಗುವ ಭಾಗಗಳೆಲ್ಲ ಯಂತ್ರಾಂಶ. ಅವುಗಳಿಂದ ಕೆಲಸ ಮಾಡಿಸುವ ಆದೇಶಗಳ ಸಮೂಹವೇ ತಂತ್ರಾಂಶ. ಯಂತ್ರಾಂಶವನ್ನು ಹತೋಟಿಯಲ್ಲಿಟ್ಟು ಇತರ ತಂತ್ರಾಂಶಗಳಿಗೆ ನೆಲೆಯಾಗುವುದು ಕಾರ್ಯಾಚರಣ ವ್ಯವಸ್ಥೆ. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ರಚಿಸಿದ ಲಿನಕ್ಸ್, ಅಂತಹ ವ್ಯವಸ್ಥೆಯೊಂದರ ತಿರುಳು. ಅದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ಲಿನಕ್ಸನ್ನು ಆಧರಿಸಿದ ಸೆಂಟ್‌ಓಎಸ್ ಎಂಬ ಉಚಿತ ವ್ಯವಸ್ಥೆಯನ್ನು ಅನೇಕ ಸಂಸ್ಥೆಗಳು ನೆಚ್ಚಿಕೊಂಡಿದ್ದವು. ಅದರ 8ನೆಯ ಆವೃತ್ತಿಗೆ ದೊರೆಯುತ್ತಿದ್ದ ಪೋಷಣೆಯು 2021ರ ಕೊನೆಗೆ ನಿಲ್ಲುವುದೆಂದು 2020ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಈ ಕೊರತೆಯನ್ನು ತುಂಬಲು 2021ರ ಮಾರ್ಚಿನಲ್ಲಿ ಆಲ್ಮಾಲಿನಕ್ಸ್ ಹೊರಬಂದಿತು. 'ಆಲ್ಮಾ' ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಆತ್ಮ. ಲಾಭವನ್ನು ಬಯಸದ ಪ್ರತಿಷ್ಠಾನವೊಂದರ ಆಶ್ರಯದಲ್ಲಿ ಬಳಕೆದಾರರ ಸಮುದಾಯವೇ ಇದನ್ನು ನಡೆಸುತ್ತದೆ. ಜಿನೀವಾದ ಸರ್ನ್ ಮತ್ತು ಅಮೆರಿಕದ ಫರ್ಮಿಲ್ಯಾಬ್ ಸಂಶೋಧನಾಲಯಗಳು ತಮ್ಮ ಪ್ರಯೋಗಗಳಿಗೆ ಇದು ತಕ್ಕುದೆಂದು 2022ರಲ್ಲಿ ಸೂಚಿಸಿದವು.

ಆದರೆ ಒಂದು ಪ್ರಶ್ನೆ ಉಳಿಯಿತು. ಕೊಳ್ಳಲಿರುವ ಯಂತ್ರದಲ್ಲಿ ಈ ವ್ಯವಸ್ಥೆಯು ನಡೆಯುವುದೆಂದು ಮುಂದಾಗಿ ತಿಳಿಯುವುದು ಹೇಗೆ? ಪ್ರತಿಯೊಂದು ಬಿಡಿಭಾಗಕ್ಕೂ ಅದರೊಡನೆ ವ್ಯವಹರಿಸಬಲ್ಲ ಚಾಲಕ ತಂತ್ರಾಂಶ ಬೇಕು. ಜಾಲ ಸಂಪರ್ಕದ ಫಲಕವೊಂದಕ್ಕೆ ಅದು ದೊರೆಯದಿದ್ದರೆ ಬೆಲೆಬಾಳುವ ಯಂತ್ರವೂ ಹೊರಗಿನೊಡನೆ ಮಾತನಾಡಲಾರದ ಮೂಕನಾಗುತ್ತದೆ.

ಆದ್ದರಿಂದ ಆಲ್ಮಾಲಿನಕ್ಸ್ ಸಮುದಾಯದ ತಂಡವೊಂದು ಯಂತ್ರಾಂಶವನ್ನು ಪ್ರಮಾಣೀಕರಿಸುವ ಕಾರ್ಯವನ್ನು ಕೈಗೊಂಡಿತು. ಇಂತಹ ಪರೀಕ್ಷೆಯಲ್ಲಿ ವ್ಯವಸ್ಥೆಯನ್ನು ಯಂತ್ರದಲ್ಲಿ ಸ್ಥಾಪಿಸಿ, ಸಂಸ್ಕಾರಕ, ಸ್ಮೃತಿ, ಸಂಗ್ರಹ ಸಾಧನ, ಜಾಲ ಸಂಪರ್ಕ ಇವುಗಳಿಗೆ ಹೆಚ್ಚಿನ ಕೆಲಸವನ್ನು ಕೊಟ್ಟು ನೋಡಲಾಗುತ್ತದೆ. ಯಂತ್ರವು ಒಮ್ಮೆ ಚಾಲನೆಗೊಂಡರೆ ಸಾಲದು. ಹೊರೆ ಹೆಚ್ಚಿದಾಗಲೂ ತಪ್ಪಿಲ್ಲದೆ ದುಡಿಯಬೇಕು. ತಿರುಳು ಬದಲಾದಂತೆ ಚಾಲಕಗಳೂ ಬದಲಾಗುವುದರಿಂದ, ಒಂದು ಮಾದರಿಗೆ, ಒಂದು ಆವೃತ್ತಿಗೆ ದೊರೆತ ಪ್ರಮಾಣವು ಮತ್ತೊಂದಕ್ಕೆ ಸಲ್ಲದು.

ತೂಕದ ಬಟ್ಟಿನ ಮುದ್ರೆಗೆ ಸರ್ಕಾರದ ಅಧಿಕಾರವೇ ಬಲ. ಸಮುದಾಯಕ್ಕೆ ಅಂತಹ ಅಧಿಕಾರವಿಲ್ಲ. ಪರೀಕ್ಷೆಯ ವಿಧಾನವನ್ನೂ ಫಲಿತಾಂಶವನ್ನೂ ಎಲ್ಲರ ಮುಂದಿಡುವುದೇ ಅದರ ಬಲ. ಸಂದೇಹವುಳ್ಳವನು ತಾನೇ ಪರೀಕ್ಷಿಸಿ ನೋಡಬಹುದು. ಹೀಗೆ ಪರೀಕ್ಷೆಗೆ ಸದಾ ತೆರೆದುಕೊಂಡಿರುವ ಮಾತೇ ನಂಬಿಕೆಗೆ ಅರ್ಹವಾದುದು.