ಉಗ್ಗಿಗೆ ಔಷಧವುಂಟೆ?

ಕಳೆದ ತಿಂಗಳು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಬಂದು, "ಮೇಷ್ಟ್ರೇ, ಇವನಿಗೂ ನನ್ನ ಹಾಗೇ ಆಗಿದೆ. ಏನಾದರೂ ಮಾತ್ರೆ ಇದೆಯೆ?" ಎಂದು ತಡೆತಡೆದು ಕೇಳಿದನು. ಹಾಜರಿ ಕರೆದಾಗ ಒಂದು ಮಾತಿನ ಉತ್ತರಕ್ಕೂ ತುಟಿ ನಡುಗುತ್ತಿದ್ದ ಇವನ ನಾಲಗೆಯು ಎಲ್ಲರೊಡನೆ ಅಮರಕೋಶವನ್ನು ಪಠಿಸುವಾಗ ಎಲ್ಲಿಯೂ ಎಡವುತ್ತಿರಲಿಲ್ಲ. ಹಟಮಾರಿಯೆಂದು ಬಗೆದು ನಾವು ಇವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಆ ಅವಿವೇಕಕ್ಕಾಗಿ ಇಂದಿಗೂ ನಾಚುತ್ತೇವೆ.

ಚಿಕಿತ್ಸೆಯ ಹುಡುಕಾಟವೇನೋ ಪುರಾತನವಾದುದು. ಕಫದೊಡನೆ ಕೂಡಿದ ವಾಯುವು ಶಬ್ದವಾಹಿನಿಗಳನ್ನು ಆವರಿಸಿದರೆ ಮನುಷ್ಯನು ಮೂಕನೋ ಮಿನ್ಮಿನನೋ ಗದ್ಗದನೋ ಆಗುವನೆಂಬುದು ಸುಶ್ರುತನ ಮತ. ಬಜೆಯನ್ನು ತೇಯ್ದು ಶಿಶುಗಳ ನಾಲಗೆಗೆ ಸವರುವ ವಾಡಿಕೆ ನಮ್ಮ ಮನೆಗಳಲ್ಲಿ ಉಂಟಷ್ಟೆ. ಬರ್ಲಿನ್ನಿನ ಶಸ್ತ್ರವೈದ್ಯ ಡೀಫೆನ್‌ಬಾಖನಂತೂ 1841ರಲ್ಲಿ ರೋಗಿಗಳ ನಾಲಗೆಯ ಬುಡವನ್ನೇ ಕೊಯ್ದನು. ಶಿವಶಿವಾ, ಆಗ ಅರಿವಳಿಕೆಯೂ ಬಂದಿರಲಿಲ್ಲ!

ದೋಷವು ನಾಲಗೆಯಲ್ಲಲ್ಲ, ಮಿದುಳಿನ ವ್ಯಾಪಾರದಲ್ಲಿದೆಯೆಂಬುದು ಈಗಿನ ವಿದ್ವಾಂಸರ ನಿಲುವು. ಡೋಪಮಿನ್ ಎಂಬ ದ್ರವ್ಯದ ಚಟುವಟಿಕೆಯು ಉಗ್ಗುವವರಲ್ಲಿ ಅಧಿಕವೆಂದು 1997ರ ಒಂದು ಪರೀಕ್ಷೆ ಸೂಚಿಸಿತು. ಅದನ್ನು ತಗ್ಗಿಸುವ ಹ್ಯಾಲೊಪೆರಿಡಾಲ್ ಕೆಲವರ ಉಗ್ಗನ್ನು ಕಡಮೆ ಮಾಡಿತಾದರೂ ಮಂಪರು, ಮೈಬಿಗಿತ, ನಡುಕಗಳನ್ನು ತಂದೊಡ್ಡಿದುದರಿಂದ ಅದನ್ನು ಬಹುಕಾಲ ಸೇವಿಸುವವರು ವಿರಳ. ಬಳಿಕ ಪ್ಯಾಗೊಕ್ಲೋನ್ ಎಂಬುದನ್ನು ಅಮೆರಿಕದಲ್ಲಿ ಪರೀಕ್ಷಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎಂಟು ವಾರಗಳಲ್ಲಿ ಔಷಧ ಸೇವಿಸಿದವರ ಉಗ್ಗು ಸರಾಸರಿ ಶೇಕಡಾ 19.4ರಷ್ಟು ಇಳಿದರೆ, ಔಷಧವಿಲ್ಲದ ಹುಸಿಗುಳಿಗೆಯನ್ನು ನುಂಗಿದವರಲ್ಲಿಯೂ 5.1ರಷ್ಟು ಇಳಿದಿತ್ತು! ಆದರೂ ಆ ಔಷಧವು ಮಾರುಕಟ್ಟೆಯವರೆಗೆ ಬರಲಿಲ್ಲ.

ಉಗ್ಗನ್ನು ಅಳೆಯುವುದೇ ದುಸ್ಸಾಧ್ಯ. ನೂರು ಅಕ್ಷರಗಳಲ್ಲಿ ಎಷ್ಟು ತಡವರಿಸಿದುವೆಂದು ವೈದ್ಯರು ಎಣಿಸುತ್ತಾರೆ. ಆದರೆ ಕೂಸಿನೊಡನೆ ಸರಾಗವಾಗಿ ಮಾತನಾಡುವವನು ಟೆಲಿಫೋನಿನ ಮುಂದೆ ಸ್ತಬ್ಧನಾಗುತ್ತಾನೆ. ನಿನ್ನೆಯ ಲೆಕ್ಕ ಇಂದಿಗೆ ಹೊಂದದು. ಮೇಲಾಗಿ ಮಕ್ಕಳಲ್ಲಿ ನೂರಕ್ಕೆ ಸುಮಾರು ಐವರಿಗೆ ಬರುವ ಈ ತೊಂದರೆ ಅವರಲ್ಲಿ ಹೆಚ್ಚಿನವರಿಗೆ ತಾನಾಗಿಯೇ ಹೋಗುತ್ತದೆ. ಆಗ ಕೀರ್ತಿಯು ಕೊಟ್ಟ ಚೂರ್ಣಕ್ಕೆ ಸಲ್ಲುತ್ತದೆ. ಕೆಲವು ಕುಟುಂಬಗಳಲ್ಲಿ ವಂಶವಾಹಿಗಳ ವ್ಯತ್ಯಾಸವೂ 2010ರಲ್ಲಿ ಕಂಡುಬಂದಿದೆ. ಕಾರಣವು ಎಲ್ಲರಲ್ಲಿಯೂ ಒಂದೇ ಅಲ್ಲವಾದರೆ ಔಷಧವು ಮಾತ್ರ ಒಂದೇ ಆದೀತು ಹೇಗೆ? ಉಗ್ಗಿಗೆಂದೇ ಅಮೆರಿಕದ ಸರ್ಕಾರವು ಒಪ್ಪಿಗೆಯಿತ್ತ ಔಷಧವು ಈವರೆಗೆ ಒಂದೂ ಇಲ್ಲ.

ಇಷ್ಟನ್ನೂ ಆ ತಂದೆಗೆ ವಿವರಿಸಿ, ಜಾಹೀರಾತಿನ ಲೇಹ್ಯಗಳನ್ನು ಕೊಳ್ಳಬೇಡವೆಂದೆವು. ಮೈಸೂರಿನಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಮಗುವನ್ನು ಕರೆದೊಯ್ಯಲು ಹೇಳಿದೆವು. ಅಷ್ಟರಲ್ಲಿ ಮಗುವು ನಮ್ಮ ಗೋಡೆಯ ಗಡಿಯಾರವನ್ನು ಕುರಿತು ಏನನ್ನೋ ಕೇಳಲು ತೊಡಗಿತು. ಪ್ರಶ್ನೆಯು ಮುಗಿಯುವವರೆಗೂ ನಾವಿಬ್ಬರೂ ಸುಮ್ಮನೆ ಕಾದೆವು.